ಶರ್ಯತ್ತಿನ ಎತ್ತು ಕಟ್ಟುವ ಮುನ್ನ

ತಮ್ಮಾ, ಗಾಡಿ ತಗೋಬೇಡ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಹೌಸಿಗೆ ಮೋಲಿಲ್ಲ ಅನ್ನುವ ಸೀಮೆ ನಮ್ಮದು. ಎರಡೇ ಎಕರೆ ಇದ್ದವನೂ ಒಕ್ಕಲುತನದ ಜೋಡಿ ಬೇರೆ, ಚಕ್ಕಡಿ ಶರ್ಯತ್ತಿನ ಜೋಡಿ ಬೇರೆ ಅಂತ ಕಟ್ಟಿ, ಮನೆಯ ಮಕ್ಕಳ ಪಾಲಿನ ಹಾಲು ತತ್ತಿಯನ್ನು ಶರ್ಯತ್ತಿನ ಎತ್ತಿನ ಬಾಯಿಗೆ ಹಾಕಿದ್ದನ್ನು ಕಂಡವರು ನಾವು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಶರ್ಯತ್ತು ಬೇಡ ಎಂದಿತು. 2023ರ ಮೇ 18ಕ್ಕೆ ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನಲ್ಲಿ ಶರ್ಯತ್ತಿಗೆ ಅವಕಾಶ ಕೊಟ್ಟ ತಿದ್ದುಪಡಿ ಕಾನೂನುಗಳನ್ನು ಎತ್ತಿಹಿಡಿಯಿತು. ನಡುವಿನ ಒಂಬತ್ತು ವರ್ಷದಲ್ಲಿ ಓಟದ ಹುಚ್ಚು ಬಿಟ್ಟವರು ನಮ್ಮ ಕಡೆ ಎಷ್ಟು ಮಂದಿ, ನೀನೇ ಹೇಳು. ಹೀಗಿರುವಾಗ ನಿನ್ನ ಫೋನಿನಲ್ಲಿರುವ ಆ ಎರಡು ಬಾಗಿಲಿನ ಕೆಂಪು ಗಾಡಿಯನ್ನು ನೋಡಿ ಹುಬ್ಬು ಗಂಟಿಕ್ಕುವ ಹಕ್ಕು ನನ್ನಂಥ ಹಿರಿಯರಿಗೆ ಇಲ್ಲ.

ಆದರೆ ಒಂದು ಮಾತು ಕಿವಿಯಲ್ಲಿ ಇಟ್ಟುಕೋ. ಓಟ ತಗ್ಗಿದ ಶರ್ಯತ್ತಿನ ಎತ್ತು ಅರ್ಧ ಬೆಲೆಗೆ ಸಿಗುತ್ತದೆ, ಮೇವು ಮಾತ್ರ ಅರ್ಧ ತಿನ್ನುವುದಿಲ್ಲ. ಹಳೆಯ ಐಷಾರಾಮಿ ಸ್ಪೋರ್ಟ್ಸ್ ಗಾಡಿಯ ಗುಟ್ಟೂ ಇಷ್ಟೇ. 2015ರಲ್ಲಿ ಆಡಿ ಟಿಟಿಯ ಹೊಸ ಮಾದರಿ ನಮ್ಮ ದೇಶಕ್ಕೆ ಬಂದಾಗ ಶೋರೂಮ್ ಬೆಲೆ 60 ಲಕ್ಷದ ಮೇಲೆ. ಮರುವರ್ಷ ಬಂದ ಫೋರ್ಡ್ ಮಸ್ಟ್ಯಾಂಗ್ 65 ಲಕ್ಷ. ಅಂಥದ್ದೊಂದನ್ನು ಇವತ್ತು ಪುಣೆಯ ದಲಾಲ 25 ಲಕ್ಷಕ್ಕೆ ಕೊಡುತ್ತೇನೆ ಅಂದ ಎಂದುಕೋ. ನಿನ್ನ ಲೆಕ್ಕದಲ್ಲಿ ಅದು 25 ಲಕ್ಷದ ಗಾಡಿ. ಬಿಡಿಭಾಗ ಮಾರುವವನ ಲೆಕ್ಕದಲ್ಲಿ, ವರ್ಕ್‌ಶಾಪಿನ ಲೆಕ್ಕದಲ್ಲಿ, ಸರ್ಕಾರದ ತೆರಿಗೆಯ ಲೆಕ್ಕದಲ್ಲಿ ಅದು ಇನ್ನೂ 60 ಲಕ್ಷದ ಗಾಡಿಯೇ. ಇಳಿದದ್ದು ಮಾರುವ ಬೆಲೆ ಒಂದೇ. ಆದ್ದರಿಂದ 25 ಲಕ್ಷ ನನ್ನ ಹತ್ತಿರ ಇದೆಯೇ ಅಂತ ಕೇಳಿಕೊಳ್ಳಬೇಡ. 60 ಲಕ್ಷದ ಗಾಡಿಯನ್ನು ಸಾಕುವ ಶಕ್ತಿ ಇದೆಯೇ ಅಂತ ಕೇಳಿಕೋ. ಇದ್ದರೆ ಮುಂದೆ ಓದು.

ಮೊದಲು ಪಾಸಿಂಗ್, ಅಂದರೆ ನೋಂದಣಿಯ ಮಾತು, ಯಾಕೆಂದರೆ ಗಡಿಯ ಜನ ಮುಗ್ಗರಿಸುವುದು ಅಲ್ಲಿಯೇ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ, ಕಾಗವಾಡದವರಿಗೆ ಮಿರಜ ಇನ್ನೂ ಹತ್ತಿರ. ಗಾಡಿ ನೋಡಲು ನಾವು ಬೆಂಗಳೂರಿಗೆ ಹೋಗುವುದು ಕಡಿಮೆ, ಹೋಗುವುದು ಕೊಲ್ಲಾಪುರ, ಸಾಂಗಲಿ, ಪುಣೆ, ಬಹಳವಾದರೆ ಮುಂಬೈ. ಎಂಎಚ್-09, ಎಂಎಚ್-10, ಎಂಎಚ್-12 ಗಾಡಿಗಳು ನಮ್ಮೂರ ಓಣಿಗಳಲ್ಲಿ ಮನೆಯವರಂತೆಯೇ ಓಡಾಡುತ್ತವೆ. ಹಾಗಾಗಿ ಹುಡುಗರು ಸಲೀಸಾಗಿ ಹೇಳಿಬಿಡುತ್ತಾರೆ: "ಮಿರಜದಾಗ ನಮ್ಮ ಮಾವ ಅದಾನ, ಅವನ ಹೆಸರಿಲೆ ಇರಲಿ ಬಿಡ್ರಿ ಕಾಕಾ, ಎಂಎಚ್ ಪಾಸಿಂಗ್‌ದಾಗ ಅಡ್ಡಾಡೂಣು."

ಹತ್ತು ವರ್ಷದ ಸ್ವಿಫ್ಟ್‌ಗೆ ಈ ಮಾತು ನಡೆದೀತು, ಯಾರೂ ತಿರುಗಿ ನೋಡಲಿಕ್ಕಿಲ್ಲ. ನೆಲಕ್ಕೆ ಅಂಟಿದಂಥ ಕೆಂಪು ಗಾಡಿ ಗುಡುಗುತ್ತ ಚಿಕ್ಕೋಡಿಯ ಬಸವ ಸರ್ಕಲ್ಲಿನಂಥ ಜಾಗದಲ್ಲಿ ನಿಂತರೆ ಶಾಲೆಯ ಮಕ್ಕಳಿಂದ ಹಿಡಿದು ಆರ್‌ಟಿಒ ಇನ್ಸ್‌ಪೆಕ್ಟರರ ತನಕ ಎಲ್ಲರೂ ನೋಡುತ್ತಾರೆ. ನೋಡಲಿ ಅಂತಲೇ ಅಲ್ಲವೇ ನೀನು ತರುವುದು? 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ದಾಳಿ ಮಾಡಿ, ಇಲ್ಲಿಯ ತೆರಿಗೆ ಕಟ್ಟದೆ ಓಡುತ್ತಿದ್ದ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಫೆರಾರಿ, ಪೋರ್ಷೆ, ಬಿಎಂಡಬ್ಲ್ಯು, ಆಡಿ ಎಲ್ಲವೂ ಅದರಲ್ಲಿದ್ದವು. ಅದೇ ವರ್ಷದ ಜುಲೈಯಲ್ಲಿ ಬೆಂಗಳೂರು ದಕ್ಷಿಣದ ಆರ್‌ಟಿಒ ಒಂದು ಫೆರಾರಿ ಎಸ್‌ಎಫ್90 ಗಾಡಿಯ ಮಾಲೀಕರಿಂದ ತೆರಿಗೆ, ದಂಡ ಸೇರಿ 1 ಕೋಟಿ 41 ಲಕ್ಷಕ್ಕೂ ಹೆಚ್ಚು ಕಟ್ಟಿಸಿಕೊಂಡಿತು. ಆ ಗಾಡಿಯ ಪಾಸಿಂಗ್ ಎಲ್ಲಿಯದು ಬಲ್ಲೆಯಾ? ಮಹಾರಾಷ್ಟ್ರದ್ದು.

ಕಾನೂನು ಏನು ಹೇಳುತ್ತದೆ ಅಂದರೆ, 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿದರೆ ಇಲ್ಲಿಯ ನಂಬರು ಹಾಕಿಸಬೇಕು. ಕೊಂಡವನಿಗೆ ಅಷ್ಟು ಪುರುಸೊತ್ತೂ ಇಲ್ಲ; 50ನೇ ಕಲಮು ಕೊಂಡ 30 ದಿನದೊಳಗೆ ತಾನಿರುವ ಊರಿನ ನೋಂದಣಿ ಕಚೇರಿಗೆ ತಿಳಿಸಬೇಕು ಎನ್ನುತ್ತದೆ. ಅಂದರೆ ನಿನ್ನ ಗಾಡಿಗೆ ಚಿಕ್ಕೋಡಿಯ ಕೆಎ-23 ಬರಬೇಕು. ಅದು ಬರಬೇಕಾದರೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ನೂರಕ್ಕೆ 18. ನೀನು ಕೊಟ್ಟ 25 ಲಕ್ಷದ ಮೇಲೆ ಅಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. 60 ಲಕ್ಷಕ್ಕೆ 10 ಲಕ್ಷ 80 ಸಾವಿರ ಆಯಿತು. ವಯಸ್ಸಿಗೆ ತಕ್ಕ ರಿಯಾಯಿತಿ ಉಂಟು. ಅರ್ಧವೇ ಬಿಟ್ಟರು ಅಂತ ಹಿಡಿದರೂ 5 ಲಕ್ಷ 40 ಸಾವಿರ, ಅದರ ಮೇಲೆ ಸೆಸ್ಸು. ದಲಾಲ ಈ ಲೆಕ್ಕ ಹೇಳುವುದಿಲ್ಲ. "ಪಾಸಿಂಗ್ ಖರ್ಚು ಸ್ವಲ್ಪ ಬರ್ತೈತಿ ಸಾಹೇಬ್ರ" ಅಂದು ಚಹಾ ತರಿಸುತ್ತಾನೆ. ಮಹಾರಾಷ್ಟ್ರದಲ್ಲಿ ಮೊದಲೇ ಕಟ್ಟಿದ್ದರಲ್ಲಿ ಉಳಿದ ಅವಧಿಯದ್ದನ್ನು ವಾಪಸು ಕೇಳುವ ದಾರಿ ಇದೆ. ಅದನ್ನು ನಂಬಿ ವ್ಯವಹಾರ ಕುದುರಿಸಬೇಡ, ಬಂದರೆ ಬಂತು.

ಹಾಗಾಗಿ ನಮ್ಮವರು ಯೋಚಿಸದ ಒಂದು ಲೆಕ್ಕವನ್ನು ಹೇಳುತ್ತೇನೆ. ಅದೇ ಗಾಡಿ ಬೆಂಗಳೂರಿನಲ್ಲಿ, ಕೆಎ ಪಾಸಿಂಗ್‌ನಲ್ಲಿ, ಮೂರು ಲಕ್ಷ ತುಟ್ಟಿ ಕಂಡರೂ ಅದೇ ಸೋವಿ. ಈ ರಾಜ್ಯದ ಜೀವಾವಧಿ ತೆರಿಗೆ ಅದರ ಮೇಲೆ ಆಗಲೇ ಕಟ್ಟಿಯಾಗಿರುತ್ತದೆ, ಎನ್‌ಒಸಿಗಾಗಿ ಪರ ರಾಜ್ಯದ ಕಚೇರಿಯ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಕೊಲ್ಲಾಪುರ ಹತ್ತಿರ ಅನ್ನುವ ಕಾರಣಕ್ಕೆ ಐದು ಲಕ್ಷ ಕಳೆಯುವವರು ನಮ್ಮಲ್ಲೇ ಇದ್ದಾರೆ.

ದಿಲ್ಲಿಯ ಗಾಡಿಯ ಆಸೆಯನ್ನಂತೂ ಹಚ್ಚಿಕೊಳ್ಳಬೇಡ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ, ಆಮೇಲೆ 2018ರಲ್ಲಿ ಸುಪ್ರೀಂ ಕೋರ್ಟು, ದಿಲ್ಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಅಂದಾಗಿನಿಂದ ಅಲ್ಲಿಯ ಹಳೆ ಗಾಡಿಗಳು ದಕ್ಷಿಣಕ್ಕೆ ಹರಿದು ಬರುತ್ತಿವೆ. ಫೋಟೋ ನೋಡಿ, ರೇಟು ಕೇಳಿ, ಮುಂಗಡ ಹಾಕಿ ಟ್ರಕ್ಕಿನಲ್ಲಿ ತರಿಸುವುದು ಅಂದರೆ ನೀರಿನಲ್ಲಿರುವ ಎಮ್ಮೆಗೆ ವ್ಯಾಪಾರ ಕುದುರಿಸಿದ ಹಾಗೆಯೇ.

ನೀರು ಅಂದಕೂಡಲೇ ಇನ್ನೊಂದು ಮಾತು, ಇದು ನಮ್ಮ ನದಿಗಳದ್ದು. 2019ರ ಆಗಸ್ಟು, 2021ರ ಜುಲೈ ನಿನಗೂ ನೆನಪಿದೆ. ಪಂಚಗಂಗೆ ಕೊಲ್ಲಾಪುರಕ್ಕೆ ನುಗ್ಗಿದಳು, ಕೃಷ್ಣೆ ಸಾಂಗಲಿಯ ಪೇಟೆಯಲ್ಲಿ ನಿಂತಳು, ಯಮಗರ್ಣಿ ಹತ್ತಿರ ವೇದಗಂಗೆ ಹೆದ್ದಾರಿಯ ಮೇಲೇ ಹರಿದಳು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಗಾಡಿಗೆ ಓಡಿಹೋಗಲು ಕಾಲಿಲ್ಲವಲ್ಲ. ಮುಳುಗಿದ ಗಾಡಿಗೆ ವಿಮಾ ಕಂಪನಿ ದುಡ್ಡು ಕೊಟ್ಟು ಕೈತೊಳೆದುಕೊಳ್ಳುತ್ತದೆ, ಮುಳುಗಿದ ಸರಕು ಹರಾಜಿಗೆ ಹೋಗುತ್ತದೆ. ಹರಾಜಿನಲ್ಲಿ ಹಿಡಿದವನು ತೊಳೆದು, ಒಣಗಿಸಿ, ಸೀಟಿಗೆ ಹೊಸ ಹೊದಿಕೆ ಹಾಕಿ ಮಾರುತ್ತಾನೆ. ಕಡಿಮೆ ಬೆಲೆಯ ಗಾಡಿಯಾದರೆ ವೈರಿಂಗು ಬದಲಿಸಿ ಹೇಗೋ ನಡೆಸಬಹುದು. ಈ ಗಾಡಿಗಳಲ್ಲಿ ಸೀಟಿನ ಕೆಳಗೆ, ಡಿಕ್ಕಿಯ ಹಾಸಿನ ಕೆಳಗೆ ಕಂಪ್ಯೂಟರ್ ಡಬ್ಬಿಗಳು ಕುಳಿತಿರುತ್ತವೆ. ಬಿಎಂಡಬ್ಲ್ಯುನಂಥವುಗಳಲ್ಲಿ ಬ್ಯಾಟರಿಯೇ ಡಿಕ್ಕಿಯಲ್ಲಿ. ಒಂದು ಸಲ ನೀರು ಕುಡಿದ ಡಬ್ಬಿ ಇವತ್ತು ಸರಿ, ನಾಳೆ ಕಿಟಕಿ ಏರುವುದಿಲ್ಲ, ನಾಡಿದ್ದು ಏರ್‌ಬ್ಯಾಗಿನ ದೀಪ ಆರುವುದಿಲ್ಲ.

ಇದನ್ನು ಹಿಡಿಯುವುದು ಹೇಗೆ? ಗಾಡಿ ನೋಡಲು ಹೋದವರ ಜೊತೆ ಹೋಗಿ ಮೂಲೆಯಲ್ಲಿ ನಿಂತು ನೋಡುವ ಚಾಳಿ ನನ್ನದು, ಅಲ್ಲಿ ಕಲಿತದ್ದನ್ನು ಹೇಳುತ್ತೇನೆ. ಹುಡುಗರು ಹೋದಕೂಡಲೇ ಬಾನೆಟ್ ಎತ್ತಿಸುತ್ತಾರೆ, ಎಂಜಿನ್ ರೇಸ್ ಮಾಡಿಸಿ ವಿಡಿಯೋ ಹಿಡಿಯುತ್ತಾರೆ. ನೀನು ಬಾಗಿಲು ತೆಗೆದು ಸೀಟಿನಲ್ಲಿ ಕೂತು ಬೆಲ್ಟನ್ನು ಪೂರ್ತಿ, ಇನ್ನು ಬರುವುದಿಲ್ಲ ಅನ್ನುವ ತನಕ ಹೊರಗೆ ಎಳೆ. ಕಾಣುವ ಭಾಗವನ್ನು ಶಾಂಪೂ ಹಾಕಿ ತಿಕ್ಕಿರುತ್ತಾರೆ. ರೀಲಿನೊಳಗೆ ಸುತ್ತಿಕೊಂಡಿರುವ ಕೊನೆಯ ಒಂದು ಗೇಣನ್ನು ತೊಳೆಯಲು ಯಾರಿಗೂ ತಾಳ್ಮೆ ಇರುವುದಿಲ್ಲ. ಅಲ್ಲಿ ನೇಯ್ಗೆಯ ಎಳೆಗಳ ನಡುವೆ ಹೊಳೆಯ ಮಣ್ಣು ಕಂದು ಗೆರೆಯಾಗಿ ಕೂತಿದ್ದರೆ ಮಾತಿಲ್ಲದೆ ಎದ್ದು ಬಾ. ಬೆಲ್ಟು ಎಲ್ಲಾ ಕಡೆ ಹೊಸದಾಗಿ ಮಿರಮಿರ ಮಿಂಚುತ್ತಿದ್ದರೆ ಯಾಕೆ ಬದಲಿಸಿದರು ಅಂತ ಕೇಳು. ಅಪಘಾತದಲ್ಲಿ ಏರ್‌ಬ್ಯಾಗು ಒಡೆದ ಗಾಡಿಗೂ ಬೆಲ್ಟು ಬದಲಿಸುತ್ತಾರೆ. ಆಮೇಲೆ ಸೀಟಿನ ಹಳಿಗೆ ಮೊಬೈಲ್ ಟಾರ್ಚು ಬಿಟ್ಟು ತುಕ್ಕು ನೋಡು, ಡಿಕ್ಕಿಯ ಹಾಸು ಎತ್ತಿ ಕೆಳಗಿನ ಗುಂಡಿಗೆ ಬೆರಳು ಹಾಕು. ಒಳಗೆ ಅತ್ತರಿನ ಘಮ ಜಾಸ್ತಿ ಇದ್ದರೆ ಕಿಟಕಿ ಮುಚ್ಚಿ ಎಸಿ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಕೂಡು. ಅತ್ತರಿನ ಹಿಂದೆ ಮುಗ್ಗಲು ಅಡಗಿರುವುದು ಆಗ ತಿಳಿಯುತ್ತದೆ.

ಎಂಜಿನ್ ವಿಷಯ ನನಗಿಂತ ಮಿಸ್ತ್ರಿಗೆ ಗೊತ್ತು, ಆದರೂ ಎರಡು ಮಾತು. ನೋಡಲು ಬೆಳಿಗ್ಗೆ ಹೋಗು, ಹೋದಕೂಡಲೇ ಬಾನೆಟ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ನಿನಗಾಗಿ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿನ ಎಂಜಿನ್ ಹತ್ತಿದ ಮೊದಲ ಕ್ಷಣಗಳ ಸದ್ದಿನಲ್ಲಿಯೇ ಟೈಮಿಂಗ್ ಚೈನಿನ ಸವಕಲು ಕೇಳಿಸುತ್ತದೆ, ಮೊದಲ ಹೊಗೆಯಲ್ಲಿಯೇ ಆಯಿಲ್ ಕುಡಿಯುವ ಚಟ ಕಾಣಿಸುತ್ತದೆ. ಎರಡನೆಯದು ಗೇರ್‌ಬಾಕ್ಸು. ಈ ಗಾಡಿಗಳಲ್ಲಿ ಬಹಳಷ್ಟಕ್ಕೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಇರುತ್ತದೆ. ದಲಾಲ ನಿನ್ನನ್ನು ಹೆದ್ದಾರಿಗೆ ಕರೆದೊಯ್ದು ಓಡಿಸಿ ತೋರಿಸುತ್ತಾನೆ; ಅಲ್ಲಿ ಎಲ್ಲವೂ ಬೆಣ್ಣೆ. ನೀನು ಸಂತೆ ಬೀದಿಗೆ ತಿರುಗಿಸು. ಆಳು ನಡೆಯುವ ವೇಗದಲ್ಲಿ, ನಿಂತು ಹೊರಟು, ಮತ್ತೆ ನಿಂತು ಹೊರಡುವಾಗ ಗಾಡಿ ನಡುಗಿದರೆ, ಜಗ್ಗಿದರೆ, ಲಕ್ಷಗಳ ಕೆಲಸ ಕಾದಿದೆ ಅಂತಲೇ ತಿಳಿ.

ಮೀಟರಿನ ಕಿಲೋಮೀಟರನ್ನು ನಂಬಬೇಡ. ಅದನ್ನು ತಿರುಗಿಸುವುದು ಮಕ್ಕಳಾಟ. ಆದರೆ ಕಂಪನಿಯ ವರ್ಕ್‌ಶಾಪಿನಲ್ಲಿ ಚಾಸಿ ನಂಬರು ಕೊಟ್ಟರೆ ಯಾವ ತಾರೀಖಿಗೆ ಎಷ್ಟು ಕಿಲೋಮೀಟರಿಗೆ ಸರ್ವೀಸ್ ಆಗಿದೆ ಅನ್ನುವ ಜಾತಕ ಸಿಗುತ್ತದೆ. ಸಾಮಾನ್ಯವಾಗಿ ಮಾಲೀಕನೇ ಕೇಳಬೇಕು, ಕೇಳಿ ಕೊಡಿಸು ಅನ್ನು. ಕೊಡಿಸದವನ ಗಾಡಿ ಬೇಡ. ಅಲ್ಲಿಯೇ ಕೆಲವು ಸಾವಿರ ಕೊಟ್ಟು ಪೂರ್ತಿ ತಪಾಸಣೆಯನ್ನೂ ಮಾಡಿಸು, ಗಾಡಿಯನ್ನು ಮೇಲೆತ್ತಿಸಿ ಹೊಟ್ಟೆ ನೋಡು. ಇಷ್ಟು ತಗ್ಗಿನ ಗಾಡಿ ನಮ್ಮ ದೇಶದಲ್ಲಿ ಹತ್ತು ವರ್ಷ ಓಡಿದ್ದರೆ ಅದರ ಹೊಟ್ಟೆಯ ಮೇಲೆ ಇತಿಹಾಸವೇ ಬರೆದಿರುತ್ತದೆ.

ಇನ್ನು ಮೇವಿನ ಲೆಕ್ಕ. ನಮ್ಮ ಭಾಷೆಯಲ್ಲೇ, ಟನ್ನಿನಲ್ಲಿ ಹೇಳುತ್ತೇನೆ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕೂತು ಕೇಳಿದ್ದು ಟನ್ನು ಕಬ್ಬಿಗೆ 3,500, ಸರ್ಕಾರ ಮಧ್ಯೆ ಬಂದು ಆದದ್ದು 3,300. ಅಂಥ ಹೋರಾಟ ಮಾಡಿ ಪಡೆದ ದರದಲ್ಲಿ 30 ಟನ್ನು ಕಬ್ಬು ಅಂದರೆ 99 ಸಾವಿರ. ಈ ಗಾಡಿಯ ನಾಲ್ಕು ಅಗಲ ಟೈರಿಗೆ ಒಂದು ಲಕ್ಷ ಹಿಡಿ. ಅಂದರೆ ಟೈರಿಗಾಗಿ 30 ಟನ್ನು ಕಬ್ಬು ಕಡಿದು ಹೊರಬೇಕು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 2418 ಅಂದರೆ 2018ನೆಯ ವರ್ಷದ 24ನೇ ವಾರ. ಟೈರಿನ ಗ್ರಿಪ್ಪು ಎಷ್ಟು ಚೆನ್ನಾಗಿ ಕಂಡರೂ ಅಷ್ಟು ಹಳೆಯ ರಬ್ಬರಿನ ಮೇಲೆ ವೇಗವಾಗಿ ಓಡಿಸಬಾರದು, ಆ ಲಕ್ಷವನ್ನು ಗಾಡಿಯ ಬೆಲೆಯಲ್ಲಿಯೇ ಮುರಿದುಕೋ. ಕೆಲವು ಕಂಪನಿಗಳ ಗಾಡಿಗೆ ಸ್ಟೆಪ್ನಿಯೇ ಇರುವುದಿಲ್ಲ. ರಾಯಬಾಗದ ದಾರಿಯಲ್ಲಿ ರಾತ್ರಿ ಟೈರಿನ ಬದಿ ಹರಿದರೆ ಪಂಕ್ಚರ್ ಅಂಗಡಿಯವನು ಕೈಮುಗಿಯುತ್ತಾನೆ ಅಷ್ಟೇ.

ಸರ್ವೀಸಿಗೆ ಎಲ್ಲಿ ಹೋಗುತ್ತೀ? ಚಿಕ್ಕೋಡಿ, ಅಥಣಿಯ ಮಿಸ್ತ್ರಿಗಳು ಟ್ರ್ಯಾಕ್ಟರಿನಿಂದ ಬೊಲೆರೊ ತನಕ ಕಣ್ಣು ಮುಚ್ಚಿ ಬಿಚ್ಚಿ ಕೂಡಿಸುವವರು, ಅವರ ಕೈಗುಣಕ್ಕೆ ನಾನು ಶರಣು. ಆದರೆ ಈ ಗಾಡಿಗೆ ಕಂಪನಿಯ ಸ್ಕ್ಯಾನರು, ಕಂಪನಿಯ ಪಾಸ್‌ವರ್ಡು ಬೇಕು. ನೀನು ತರುವ ಕಂಪನಿಯ ವರ್ಕ್‌ಶಾಪು ಕೊಲ್ಲಾಪುರದಲ್ಲಿದೆಯೋ, ಹುಬ್ಬಳ್ಳಿಯಲ್ಲಿದೆಯೋ, ಗೋವಾ, ಪುಣೆಗೇ ಹೋಗಬೇಕೋ ಅಂತ ಫೋನು ಹಚ್ಚಿ ಕೇಳಿಯೇ ಮುಂದುವರಿ. ಕೆಟ್ಟ ದಿನ ಗಾಡಿಯನ್ನು ಹೊತ್ತೊಯ್ಯಲು ಚಪ್ಪಟೆ ಹಾಸಿನ ಟ್ರಕ್ಕೇ ಬೇಕು, ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದರೆ ಗೇರ್‌ಬಾಕ್ಸು ಹೋಯಿತು. ಮಾದರಿಯ ಹಣೆಬರಹವನ್ನೂ ನೋಡು. ಫೋರ್ಡ್ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಗಾಡಿ ತಯಾರಿಸುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಆಡಿ ಟಿಟಿಯ ಕೊನೆಯ ಗಾಡಿ ಹಂಗೇರಿಯ ಕಾರ್ಖಾನೆಯಿಂದ 2023ರ ನವೆಂಬರಿನಲ್ಲಿ ಹೊರಬಂತು. ಬಿಡಿಭಾಗ ಸಿಗುವುದಿಲ್ಲ ಅಂತಲ್ಲ, ಸಿಗುತ್ತದೆ. ಹಡಗಿನಲ್ಲಿಯೋ ವಿಮಾನದಲ್ಲಿಯೋ ಬರಬೇಕು, ಬರುವ ತನಕ ಗಾಡಿ ಶೆಡ್ಡಿನಲ್ಲಿ ಕಾಯಬೇಕು.

ಪೆಟ್ರೋಲಿನ ವಿಷಯದಲ್ಲಿ ನಗುವೂ ಬರುತ್ತದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಎಥೆನಾಲ್ ಬೆರೆತದ್ದು. ಆ ಎಥೆನಾಲಿನ ಒಂದು ಪಾಲು ಬರುವುದು ಕಬ್ಬಿನಿಂದ, ನಮ್ಮ ಸೀಮೆಯ ಸಕ್ಕರೆ ಕಾರ್ಖಾನೆಗಳೂ ಅದನ್ನು ತೆಗೆಯುತ್ತವೆ. ನೀನು ಬೆಳೆದ ಕಬ್ಬೇ ನಿನ್ನ ಗಾಡಿಯ ಟ್ಯಾಂಕಿಗೆ ಬಂದು ಬೀಳುತ್ತದೆ. ರೈತನಾಗಿ ನೀನು ಹಿಗ್ಗಬೇಕು, ಆದರೆ ಹತ್ತು ವರ್ಷದ ಹಿಂದಿನ ಜರ್ಮನ್ ಗಾಡಿ ಅದನ್ನು ಜೀರ್ಣಿಸಿಕೊಳ್ಳುವುದೇ ಅನ್ನುವುದು ಬೇರೆ ಪ್ರಶ್ನೆ. ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿ ಓದು. ಇ10 ಅಂತ ಇದ್ದರೆ ರಬ್ಬರಿನ ಪೈಪು, ಸೀಲುಗಳನ್ನು ಮಿಸ್ತ್ರಿಯಿಂದ ಆಗಾಗ ನೋಡಿಸಬೇಕಾಗುತ್ತದೆ. ಜೊತೆಗೆ ಇಂಥ ಎಂಜಿನ್ನುಗಳಲ್ಲಿ ಹಲವು ಕೇಳುವುದು ಹೆಚ್ಚಿನ ಆಕ್ಟೇನಿನ ಪೆಟ್ರೋಲು. ನಿಮ್ಮೂರ ಬಂಕಿನಲ್ಲಿ ಅದು ವರ್ಷವಿಡೀ ಸಿಗುತ್ತದೆಯೇ ವಿಚಾರಿಸು.

ಓಡಿಸುವುದು ಎಲ್ಲಿ? ಕೊಗನೊಳ್ಳಿಯಿಂದ ತವಂದಿ ಘಾಟಿನತ್ತ ಹೆದ್ದಾರಿಯಲ್ಲಿ ಬೆಳಗಿನ ಹೊತ್ತು ಹೋಗಿಬರುವುದಾದರೆ ಸುಖವೇ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದೆಯೋ, ಕಥೆ ಬೇರೆ. ರಸ್ತೆ ಉಬ್ಬು ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮೂರಿನಲ್ಲಿ ಶಾಲೆಯ ಮುಂದೆ ಒಂದು ಅಪಘಾತ ಆಯಿತೆಂದರೆ ಮರುದಿನ ಜನರೇ ಮಣ್ಣು ಕಲ್ಲು ಸುರಿದು ಕಟ್ಟುವ ಉಬ್ಬಿಗೆ ಆ ಪುಸ್ತಕ ಗೊತ್ತಿಲ್ಲ. ಮಸ್ಟ್ಯಾಂಗಿನ ಹೊಟ್ಟೆ ನೆಲದಿಂದ ಸುಮಾರು 137 ಮಿಲಿಮೀಟರು. ಒಂದು ಗೇಣೂ ಇಲ್ಲ. ಆ ಉಬ್ಬುಗಳನ್ನು ಒಂದೊಂದಾಗಿ ಅಡ್ಡ ತಿರುಗಿಸಿ ದಾಟಿಸುವಾಗ ಹಿಂದೆ ಸಾಲುಗಟ್ಟಿದ ಬೈಕಿನವರು ಏನೇನು ಅನ್ನುತ್ತಾರೆ ಅಂತ ನಾನು ಬರೆಯಲಾರೆ.

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಓಡಿಸಲೇಬೇಡ. ಇದನ್ನು ಬೇಡಿಕೊಂಡು ಹೇಳುತ್ತೇನೆ. ನವೆಂಬರಿನಿಂದ ಮಾರ್ಚಿನವರೆಗೆ ಚಿಕ್ಕೋಡಿ, ರಾಯಬಾಗ, ಅಥಣಿ, ಉಗಾರ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತವೆ. ಮುಂದೆ ಬಣ್ಣಬಣ್ಣದ ದೀಪ, ಹಿಂದೆ ಒಂದೂ ಇಲ್ಲ. ಜಲ್ಲೆ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಎತ್ತರದ ಗಾಡಿಯಲ್ಲಿ ಕೂತವನಿಗೆ ಟ್ರೇಲರ್ ಕಾಣುತ್ತದೆ, ನೆಲಮಟ್ಟದಲ್ಲಿ ಕೂತ ನಿನಗೆ ಕತ್ತಲೊಂದೇ. ಆ ಜಲ್ಲೆಗಳ ಎತ್ತರ ಸರಿಯಾಗಿ ನಿನ್ನ ಮುಂಗಾಜಿನ ಎತ್ತರ.

ನಿಲ್ಲಿಸುವ ಜಾಗವೂ ಯೋಚನೆ ಬೇಡುತ್ತದೆ. ತೋಟದ ಮನೆಯಲ್ಲಿ ಇಲಿಗಳಿಗೆ ಬರವಿಲ್ಲ, ವಾರಗಟ್ಟಲೆ ನಿಂತ ಗಾಡಿಯ ವೈರು ಅವಕ್ಕೆ ಹಬ್ಬದೂಟ. ಕಾರ್ಖಾನೆಯ ಸುತ್ತಮುತ್ತ ಇದ್ದರೆ ಚಿಮಣಿಯ ಕರಿಬೂದಿ ಬಣ್ಣದ ಮೇಲೆ ಬೀಳುತ್ತದೆ, ಒಣಬಟ್ಟೆಯಿಂದ ಒರೆಸಿದರೆ ಗೀರು. ನಿಲ್ಲಿಸಿಟ್ಟರೆ ಬ್ಯಾಟರಿ ಇಳಿಯುತ್ತದೆ. ಶೋಕಿಗೆ ತಂದದ್ದನ್ನು ಜತನ ಮಾಡಲು ಆಳು ಬೇಕು, ಆ ಆಳು ನೀನೇ.

ಮನೆಯವರನ್ನು ಕೇಳಿದೆಯಾ? ಎರಡು ಬಾಗಿಲಿನ ಗಾಡಿಯ ಹಿಂದಿನ ಸೀಟು ಹೆಸರಿಗೆ ಮಾತ್ರ. ನಿಮ್ಮವ್ವನನ್ನು ಯಡೂರು ವೀರಭದ್ರ ದೇವರಿಗೋ ಚಿಂಚಲಿ ಮಾಯಕ್ಕನಿಗೋ ಅದರಲ್ಲಿ ಕರೆದೊಯ್ಯುತ್ತೇನೆ ಅನ್ನಬೇಡ; ಇಳಿಸಲು ಇಬ್ಬರು ಬೇಕಾಗುತ್ತದೆ. ಮನೆಯಲ್ಲಿ ಒಂದು ನಿತ್ಯದ ಗಾಡಿ ಇದ್ದು, ಇದು ಎರಡನೆಯದಾದರೆ ತಾ. ಇದೇ ಮನೆಯ ಒಂದೇ ಗಾಡಿ ಆಗುವುದಾದರೆ ನನ್ನ ಮತ ವಿರುದ್ಧ.

ರೊಕ್ಕದ ಮೂಲ ಮುಖ್ಯ. ಕಬ್ಬಿನ ಬಿಲ್ಲು ಕಾನೂನಿನ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಬರಬೇಕು. ಬರುವುದು ಯಾವಾಗ ಅಂತ ನನಗಿಂತ ನಿನಗೆ ಗೊತ್ತು. ಕಂತು ಮಾತ್ರ ತಿಂಗಳ ತಾರೀಖಿಗೆ ಸರಿಯಾಗಿ ಬರುತ್ತದೆ. ಪುಣೆಯಲ್ಲಿ ಪಗಾರ ಇದ್ದವನ ಮಾತು ಬೇರೆ, ಬಿಲ್ಲಿನ ಮೇಲೆ ಬದುಕುವವನು ಈ ಗಾಡಿಗೆ ಸಾಲ ಮಾಡಬಾರದು. ಹೊಲದ ಉತಾರ ಒತ್ತೆ ಇಟ್ಟು ಅಂತೂ ಖಂಡಿತ ಬೇಡ. ಬೆಲೆಯ ಐದರಲ್ಲಿ ಒಂದು ಪಾಲು ಬ್ಯಾಂಕಿನಲ್ಲಿ ಬೇರೆ ಉಳಿದಿರಲಿ, ಮೊದಲ ವರ್ಷವೇ ಗಾಡಿ ಅದನ್ನು ಕೇಳುತ್ತದೆ. ಇನ್ನೊಂದು: ಚೀಲದಲ್ಲಿ ನೋಟು ತುಂಬಿಕೊಂಡು ಹೋಗುವ ಹಳೆಯ ರೂಢಿ ಬಿಡು. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿನ ಪ್ರಕಾರ ತಪ್ಪು, ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ. ಆದರೂ ನಗದೇ ಬೇಕು ಅನ್ನುವ ದಲಾಲನಿಗೆ ನಾಳೆ ನಿನ್ನ ಗುರುತೂ ಇರುವುದಿಲ್ಲ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.

ಕಾಗದದ ಮಾತು ಚುಟುಕಾಗಿ. ಪರಿವಾಹನ್ ಜಾಲತಾಣದಲ್ಲಿ ಗಾಡಿಯ ನಂಬರು ಹಾಕಿ ಸಾಲದ ನಮೂದು, ವಿಮೆಯ ಅವಧಿ, ಬಾಕಿ ಚಲನ್ ನೋಡಿಕೋ. ಸಾಲ ಇದ್ದದ್ದಾದರೆ ಬ್ಯಾಂಕಿನ ಸಹಿ ಬಿದ್ದ ಫಾರ್ಮ್ 35 ಮತ್ತು ಬಾಕಿ ಇಲ್ಲ ಅನ್ನುವ ಪತ್ರ. ಪರ ರಾಜ್ಯದ್ದಾದರೆ ಫಾರ್ಮ್ 28ರ ಎನ್‌ಒಸಿ, ಅದು ನಿನ್ನ ಆರ್‌ಟಿಒ ಹೆಸರಿಗೇ ಇರಬೇಕು. 29, 30ನೇ ಫಾರ್ಮಿಗೆ ಖಾಲಿ ಸಹಿ ಹಾಕಿಸಿಕೊಂಡು ಬಂದು ಕಪಾಟಿನಲ್ಲಿ ಇಡುವವರಿದ್ದಾರೆ. ಅಪಘಾತವಾದ ದಿನ ಆ ಕಾಗದ ಯಾರನ್ನೂ ಕಾಯುವುದಿಲ್ಲ. ವಿಮೆಯನ್ನು 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಿಕೋ. ಹಳೆ ಮಾಲೀಕನ ನೋ ಕ್ಲೇಮ್ ರಿಯಾಯಿತಿ ಅವನದೇ, ನಿನಗೆ ಬರುವುದಿಲ್ಲ. ದಲಾಲನ ಹತ್ತಿರ ಕೊಳ್ಳುವುದಾದರೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಅವನಿಗೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಇರಬೇಕು, ತೋರಿಸು ಅನ್ನು.

ನನ್ನನ್ನು ಕೇಳಿದರೆ, ಹತ್ತು ವರ್ಷದ ಅಗ್ಗದ ಗಾಡಿಗಿಂತ ಮೂರು ನಾಲ್ಕು ವರ್ಷದ್ದು, ಕೆಎ ಪಾಸಿಂಗ್‌ನದು, ಆಡಿ, ಬಿಎಂಡಬ್ಲ್ಯು, ಮರ್ಸಿಡಿಸ್ ಕಂಪನಿಗಳು ತಾವೇ ಪರೀಕ್ಷಿಸಿ ವಾರಂಟಿ ಕೊಟ್ಟು ಮಾರುವ ಹಳೆ ಗಾಡಿಯ ಮಳಿಗೆಯದು, ಒಬ್ಬನೇ ಮಾಲೀಕನ ಕೈಯಲ್ಲಿದ್ದದ್ದು ಒಳ್ಳೆಯದು. ಬೆಲೆ ಹೆಚ್ಚು ಬೀಳುತ್ತದೆ. ಕೈಗೆಟುಕದಿದ್ದರೆ ಎರಡು ಹಂಗಾಮು ತಡಿ. ಈ ಗಾಡಿಗಳ ಬೆಲೆ ಕಾದವನಿಗೆ ಇಳಿಯುತ್ತದೆಯೇ ಹೊರತು ಏರುವುದು ಅಪರೂಪ.

ಸದ್ಯಕ್ಕೆ ಒಂದು ಕೆಲಸ ಮಾಡು. ಆ ಕೆಂಪು ಗಾಡಿಗೆ ಮುಂಗಡ ಹಾಕುವ ಮೊದಲು ಅದರ ಆರ್‌ಸಿಯ ನಕಲು, ಹೊಸದಿದ್ದಾಗಿನ ಬಿಲ್ಲಿನ ನಕಲು ತರಿಸಿಕೊಂಡು ಚಿಕ್ಕೋಡಿ ಆರ್‌ಟಿಒ ಕಚೇರಿಗೆ ಹೋಗಿ ತೆರಿಗೆ ಎಷ್ಟಾಗುತ್ತದೆ ಅಂತ ಬರೆಸಿಕೊಂಡು ಬಾ. ಆ ಅಂಕಿ ನೋಡಿದ ಮೇಲೂ ಮನಸ್ಸು ಗಟ್ಟಿ ಇದ್ದರೆ ಗಾಡಿ ನೋಡಲು ಹೋಗುವ ದಿನ ನನಗೊಂದು ಫೋನು ಹಚ್ಚು. ಬೆಳಗಿನ ಮೊದಲ ಬಸ್ಸಿಗೆ ನಾನೂ ಬರುತ್ತೇನೆ.